ಸುಣ್ಣ ಹಚ್ಚಿಸಿ ಆರಿಸಿದ ಹೆಂಚಿನ ಕಂಟ್ರಾಕ್ಟರು

ಮನುಷ್ಯರನ್ನು ಅಳೆಯುವುದರಲ್ಲಿ ಶಿಕಾರಿಪುರದ ಪೇಟೆಬೀದಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದು ಜಂಬವಲ್ಲ, ವಾಸ್ತವ. ಜವಳಿ ಅಂಗಡಿಯಲ್ಲಿ ಕೂತು ಕೂತು, ಗಿರಾಕಿ ಮೆಟ್ಟಿಲು ಹತ್ತುವಾಗಲೇ ಇವನು ಪಂಚೆ ಕೊಳ್ಳುವವನೋ, ಮುಟ್ಟಿ ನೋಡಿ ಹೋಗುವವನೋ ಎಂದು ಹೇಳಿಬಿಡುತ್ತಿದ್ದೆ. ಅಂಥವನಿಗೆ ಮನೆಗೆ ಹೆಂಚು ಹೊದಿಸುವ ಒಬ್ಬ ನಂಬಿಕಸ್ಥ ಕಂಟ್ರಾಕ್ಟರನ್ನು ಆರಿಸುವುದು ಯಾವ ಮಹಾ ಕೆಲಸ?

ಕನ್ನಡ ಸೀಮೆಗಳೆಲ್ಲ ಸೇರಿ ಒಂದೇ ರಾಜ್ಯವಾದ ಹೊಸತು. ನಮ್ಮ ಬೀದಿಯಲ್ಲಿ ಒಬ್ಬೊಬ್ಬರಾಗಿ ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಏರಿಸುತ್ತಿದ್ದರು. ನಮ್ಮ ನಾಡಹೆಂಚನ್ನು ಕೋತಿಗಳು ಕಿತ್ತು ಆಡಿದ್ದರಿಂದ ಸೋರದ ಜಾಗವೇ ಮನೆಯಲ್ಲಿರಲಿಲ್ಲ. ಇಷ್ಟು ವರ್ಷ ಹೇಗೋ ನಡೆದಿತ್ತು. ಈ ಸಲ ಹಾಗಲ್ಲ. ಸೊರಬದ ಕಡೆಯ ಕುಪ್ಪಗಡ್ಡೆಗೆ ಕೊಟ್ಟ ಮಗಳು ಸರೋಜ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಬಾಣಂತಿ ಕೋಣೆಯಲ್ಲಿ ಒಂದು ಹನಿ ಬಿದ್ದರೂ ತವರಿನ ಮಾನ ಹೋದಂತೆಯೇ.

ನನ್ನ ಹೆಂಡತಿ ಗೌರಮ್ಮ, ಅವಳ ಅಣ್ಣನ ಮನೆಗೆ ಹೆಂಚು ಹೊದಿಸಿದ ರುದ್ರಪ್ಪನನ್ನೇ ಕರೆಯಿರಿ ಎಂದಳು. ಭಾವಮೈದುನ ಆರಿಸಿದವನನ್ನು ನಾನು ಕರೆಯುವುದೇ? ಅದಕ್ಕಿಂತ ಕೊಡೆ ಹಿಡಿದುಕೊಂಡು ಮಲಗುವುದು ವಾಸಿ. ನನಗೆ ನನ್ನದೇ ಆದ ಪರೀಕ್ಷಾ ಕ್ರಮವಿದೆ ಎಂದು ಅವಳಿಗೆ ತಿಳಿಸಿದೆ.

ಕ್ರಮ ಬಹಳ ಸರಳ. ಬಂದ ಕಂಟ್ರಾಕ್ಟರನ್ನು ಜಗಲಿಯಲ್ಲಿ ಕೂರಿಸಿ ಎಲೆ ಅಡಿಕೆ ತಟ್ಟೆ ಮುಂದಿಡುವುದು. ಎಲೆಗೆ ಸುಣ್ಣ ಹೇಗೆ ಹಚ್ಚುತ್ತಾನೆ, ಅದನ್ನು ನೋಡುವುದು. ಮೊದಲನೆಯವನು ಧಾರಾಳವಾಗಿ ಬಳಿದ. ಇವನು ನನ್ನ ಸಾಮಾನನ್ನೂ ಹೀಗೇ ದುಂದು ಮಾಡುತ್ತಾನೆ, ಬೇಡ. ಎರಡನೆಯವನು ಸುಣ್ಣವನ್ನೇ ಮುಟ್ಟಲಿಲ್ಲ. ಮಾಡಿನ ನೆತ್ತಿಗೆ ಗಾರೆ ಹಾಕುವಾಗಲೂ ಇವನು ಸುಣ್ಣ ಉಳಿಸುವವನೇ, ಬೇಡ. ಮೂರನೆಯವನು ಸೊರಬದ ಹಾಲಪ್ಪ. ಆಹಾ, ಅವನು ಎಲೆ ಒರೆಸಿದ್ದೇನು, ನಾರು ತೆಗೆದದ್ದೇನು, ಬೆರಳ ತುದಿಯಲ್ಲಿ ಸುಣ್ಣ ಸವರಿ ಮಡಿಚಿದ್ದೇನು! ನನಗೆ ಕಣ್ಣು ತುಂಬಿ ಬಂತು. ಅಲ್ಲೇ ಮಾತು ಮುಗಿಸಿಬಿಟ್ಟೆ.

"ಅವ್ನು ಹೊದಿಸಿದ ಮನೆ ಒಂದನ್ನಾದ್ರೂ ನೋಡಿದ್ರೇನ್ರೀ?" ಎಂದು ಗೌರಮ್ಮ ಕೇಳಿದಳು.

"ಮನೆ ಯಾಕೆ ನೋಡ್ಬೇಕು? ಮನುಷ್ಯನ್ನ ನೋಡಿದೀನಲ್ಲ."

ಹಾಲಪ್ಪ ಬಂದವನೇ ಆಳುಗಳಿಂದ ಹಳೆಯ ಹೆಂಚನ್ನೆಲ್ಲ ಇಳಿಸಿದ. ಮನೆಯೊಳಗೆ ಬೆಳಕೋ ಬೆಳಕು. ಆಮೇಲೆ ಅವನು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಎಲೆ ಹಾಕುವುದರಲ್ಲಿ ಅವನಿಗೆ ಅಷ್ಟು ನಯ ಎಲ್ಲಿಂದ ಬಂತೆಂದು ಆಗ ತಿಳಿಯಿತು. ದಿನವಿಡೀ ಅವನು ಮಾಡುತ್ತಿದ್ದದ್ದು ಅದೊಂದೇ! ತನ್ನ ಎಲೆ ಮುಗಿದರೆ ನಮ್ಮ ತಟ್ಟೆಗೇ ಕೈ ಹಾಕುತ್ತಿದ್ದ. ಅರ್ಧ ಮಾಡಿಗೆ ಹೆಂಚು ಕೂರುವ ರೀಪು ಪಟ್ಟಿ ಬಡಿಸಿ, ಚಂದ್ರಗುತ್ತಿ ಅಮ್ಮನಿಗೆ ಹರಕೆಯಿದೆ ಎಂದು ಆಳುಗಳ ಸಮೇತ ಹೊರಟುಹೋದ. ದೈವಭಕ್ತ ಬೇರೆ, ನನ್ನ ಆಯ್ಕೆ ಎಂದರೆ ಹೀಗಿರಬೇಕು ಎಂದು ಇನ್ನೂ ಬೀಗುತ್ತಲೇ ಇದ್ದೆ.

ಅವನು ತಿರುಗಿ ಬರಲಿಲ್ಲ. ಕೋತಿಗಳು ಬಂದವು. ಮೊದಲು ಹೆಂಚು ಕೀಳುವ ಶ್ರಮವಾದರೂ ಅವಕ್ಕಿತ್ತು. ಈಗ ನೇರವಾಗಿ ಅಡಿಗೆಮನೆಗೇ ಇಳಿದು, ಗೌರಮ್ಮ ಸೀಮಂತಕ್ಕೆಂದು ಮಾಡಿಟ್ಟ ಚಕ್ಕುಲಿಯ ಡಬ್ಬಿಯನ್ನು ಬರಿದು ಮಾಡಿದವು. ಪಡುವಣದಲ್ಲಿ ಮೋಡ ಕಟ್ಟಿತು. ನನಗೆ ರೋಷ ಬಂತು. ಬಟ್ಟೆಯ ಥಾನು ಜೋಡಿಸುವವನಿಗೆ ಹೆಂಚು ಜೋಡಿಸುವುದು ಎಷ್ಟರದು ಎಂದು ಪಂಚೆ ಎತ್ತಿ ಕಟ್ಟಿ, ಅಂಗಳದಲ್ಲಿ ಬಿದ್ದಿದ್ದ ಹೊಸ ಹೆಂಚು ಹೊತ್ತು ಮಾಡು ಹತ್ತಿದೆ. ಮೊದಲ ಸಾಲು ಚೆನ್ನಾಗಿಯೇ ಕೂತಿತು. ಅದನ್ನು ಹೆಮ್ಮೆಯಿಂದ ನೋಡಲು ಒಂದು ಹೆಜ್ಜೆ ಹಿಂದೆ ಸರಿದೆ. ರೀಪು ಮುರಿಯಿತು. ನನ್ನ ಮೇಲರ್ಧ ಮಾಡಿನ ಮೇಲೆ, ಕೆಳಗಿನರ್ಧ ನಡುಮನೆಯಲ್ಲಿ!

ಆಗಲೇ ಸೊರಬದ ಬಸ್ಸಿಳಿದು ಸರೋಜನೂ ಅವಳ ಅತ್ತೆಯೂ ಒಳಗೆ ಬಂದರು. ಬೀಗತಿಗೆ ಮೊದಲು ದರ್ಶನವಾದದ್ದು ನನ್ನ ಪಾದಗಳದು. ಮೇಲೆ ಯಾರು ಎಂದು ಅವರು ಕೇಳಿದ್ದೂ, "ಇವ್ರೇ, ಕಂಟ್ರಾಕ್ಟರ್ ಆರಿಸ್ತಾ ಇದಾರೆ" ಎಂದು ಗೌರಮ್ಮ ಹೇಳಿದ್ದೂ ನನಗೆ ಅಲ್ಲಿಂದಲೇ ಕೇಳಿಸಿತು.

ಬೀದಿಯವರೆಲ್ಲ ಸೇರಿ ನನ್ನನ್ನು ಇಳಿಸಿದ ಮೇಲೆ ಬೀಗತಿ ಒಂದು ಸಲ ನೆಲ ನೋಡಿ, ಒಂದು ಸಲ ಆಕಾಶ ನೋಡಿ, ಮೆತ್ತಗೆ ಹೇಳಿದರು.

"ತಪ್ಪು ತಿಳೀಬೇಡಿ ಬೀಗರೇ. ಹುಡುಗೀನ ವಾಪಸ್ ಕರ್ಕೊಂಡು ಹೋಗ್ತೀನಿ. ಬಾಣಂತನ ನಮ್ಮನೇಲೇ ಆಗ್ಲಿ."

ಸರೋಜ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು. ಮೈ ತರಚಿದ್ದಕ್ಕಿಂತ ಆ ನೋಟ ಹೆಚ್ಚು ಉರಿಯಿತು. ಚೊಚ್ಚಲ ಬಸುರಿಗೆ ತವರಿನಲ್ಲಿ ಒಂದು ಒಣ ಮೂಲೆ ಕೊಡಲಾರದ ಅಪ್ಪನೂ ಒಬ್ಬ ಅಪ್ಪನೇ ಎಂದು ನನ್ನನ್ನೇ ಕೇಳಿಕೊಂಡು, ಮೊದಲ ಸಲ ಗೌರಮ್ಮನ ಮಾತಿಗೆ ತಲೆಬಾಗಿದೆ. "ರುದ್ರಪ್ಪನ್ನೇ ಕರಿಯೇ" ಎಂದಷ್ಟೇ ಹೇಳಿದೆ.

ಮಾಡು ಮುಗಿಯುವ ತನಕ ಎಂದು ಒಪ್ಪಿಸಿ, ಬಸುರಿಯನ್ನೂ ಬೀಗತಿಯನ್ನೂ ತನ್ನ ಅಣ್ಣನ ಮನೆಯಲ್ಲಿ ಉಳಿಸಿ ಗೌರಮ್ಮ ರುದ್ರಪ್ಪನನ್ನು ಕರೆಯಲು ಹೋದಳು. ಅವನೇನು ಸುಮ್ಮನೆ ಬರಲಿಲ್ಲ. ಈ ಯಜಮಾನರು ಹೇಗೆ, ಜಗಳಗಂಟರೋ, ನಡುವೆ ಕೈ ಹಾಕುವವರೋ ಎಂದು ಬೀದಿಯಲ್ಲೆಲ್ಲ ವಿಚಾರಿಸಿದನಂತೆ. ನಾನು ಮಾಡು ಹತ್ತದಂತೆ ನೋಡಿಕೊಳ್ಳುತ್ತೇನೆ ಎಂದು ಗೌರಮ್ಮ ಜಾಮೀನು ನಿಂತ ಮೇಲೆ ಒಪ್ಪಿದ. ಆದರೂ ದಿನಾ ಸಂಜೆ ಮನೆಗೆ ಹೋಗುವಾಗ ಏಣಿಯನ್ನು ಹೊತ್ತುಕೊಂಡೇ ಹೋಗುತ್ತಿದ್ದ.

ಮಳೆ ಹಿಡಿಯುವುದರೊಳಗೆ ಮಾಡು ಮುಚ್ಚಿತು. ಸರೋಜ ತವರಿನಲ್ಲೇ ಹೆತ್ತಳು, ಗಂಡು ಮಗು. ಬಾಣಂತಿ ಕೋಣೆಯಲ್ಲಿ ಒಂದು ಹನಿ ಬಿದ್ದಿದ್ದರೆ ಕೇಳಿ!

ನಾಮಕರಣದ ದಿನ ಜಡಿಮಳೆ. ಬಂದ ನೆಂಟರೆಲ್ಲ ಕತ್ತೆತ್ತಿ ಮಾಡನ್ನು ನೋಡಿ ಹೊಗಳಿದರು. ಬೀಗತಿಯೂ ಒಳ್ಳೆ ಕೆಲಸ ಎಂದು ತಲೆದೂಗಿದರು. ನನ್ನ ಎದೆ ಉಬ್ಬಿತು. ಇಷ್ಟು ಒಳ್ಳೆಯ ಕಂಟ್ರಾಕ್ಟರನ್ನು ಆರಿಸಿದವರು ಯಾರು ಎಂದು ಯಾರೋ ಕೇಳಿದರು. ನಾನು ಸತ್ಯವಂತ.

"ರುದ್ರಪ್ಪನ್ನ ಆರಿಸಿದ್ದು ಗೌರಮ್ಮ. ಆದರೆ ಆ ಗೌರಮ್ಮನ್ನ ಆರಿಸಿದ್ದು ನಾನಲ್ವೇ?" ಎಂದು ಸುತ್ತ ನೋಡಿದೆ.

ಗೌರಮ್ಮ ಕೋಸಂಬರಿ ಬಡಿಸುತ್ತಲೇ ಹೇಳಿದಳು: "ಅದೂ ನಿಮ್ಮಪ್ಪ. ಅವ್ರು ಬಂದು ನೋಡಿ ಒಪ್ಪಿ ಹೋಗಿದ್ರು. ನೀವು ನನ್ ಮುಖ ಕಂಡಿದ್ದು ಧಾರೆ ದಿನ."

ನಾನು ಎದ್ದು ಅಂಗಳಕ್ಕೆ ಹೋಗಿ ನಿಂತೆ. ಮನೆಯೊಳಗೆ ಎಲ್ಲರೂ ಬೆಚ್ಚಗಿದ್ದರು. ನೆನೆದವನು ನಾನೊಬ್ಬನೇ.