ದೊರೆಸಾನಿಯ ಗಾಡಿಯೂ ನನ್ನ ಸಾಣೆಕಲ್ಲೂ

ನನಗೆ ಮರಗೆಲಸದ ಹವ್ಯಾಸವಿದೆ. ಈ ಮಾತಿಗೆ ಸಾಕ್ಷಿ ಕೇಳುವ ಕೆಟ್ಟ ಅಭ್ಯಾಸ ನನ್ನ ಹೆಂಡತಿ ದೇವಕಿಗೆ ಮಾತ್ರ ಇದೆ; ಉಳಿದವರೆಲ್ಲ ಸಜ್ಜನರು, ನಂಬುತ್ತಾರೆ. ಹವ್ಯಾಸವೆಂದ ಮೇಲೆ ಏನಾದರೂ ಮಾಡಿ ತೋರಿಸಬೇಕು ಎನ್ನುವುದು ಅವಳ ವಾದ. ಮಾಡಿ ತೋರಿಸುವವನು ಬಡಗಿ, ಅವನಿಗೆ ಕೂಲಿ ಕೊಡುತ್ತಾರೆ. ಹವ್ಯಾಸಿಯ ದಾರಿ ಬೇರೆ. ಅವನು ಮೊದಲು ಹತಾರಗಳನ್ನು ಕೂಡಿಹಾಕಬೇಕು, ಆಮೇಲೆ ಅವನ್ನು ಹರಿತ ಮಾಡಬೇಕು. ಅಷ್ಟರಲ್ಲಿ ಆಯುಷ್ಯ ಮುಗಿದರೆ ಅದು ಅವನ ತಪ್ಪಲ್ಲ.

ಆಗ ನಮ್ಮ ಕೊಡಗು ತಾನೇ ಒಂದು ರಾಜ್ಯವಾಗಿತ್ತು. ಬೆಳಿಗ್ಗೆ ಬಸ್ಸು ಹತ್ತಿದವನು ಊಟದ ಹೊತ್ತಿಗೆ ಇನ್ನೊಂದು ಗಡಿ ಮುಟ್ಟಿಬಿಡಬಹುದಿತ್ತು, ಆದರೂ ರಾಜ್ಯ ರಾಜ್ಯವೇ. ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಎಸ್ಟೇಟಿನ ಭಾಷೆಯಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ಸಾಹಿತಿ ಎಂದು ತಪ್ಪು ತಿಳಿದವರನ್ನು ನಾನು ತಿದ್ದುತ್ತಿರಲಿಲ್ಲ. ನನಗೆ ಕೊಟ್ಟ ಮನೆಯ ಮಗ್ಗುಲಿಗೆ ಹಳೆಯ ಕೊಟ್ಟಿಗೆಯೊಂದಿತ್ತು. ದನ ಅದನ್ನು ಬಿಟ್ಟ ಮೇಲೆ ನಾನು ಅದನ್ನು ಕಾರ್ಖಾನೆ ಎಂದು ಕರೆದೆ. ದನಗಳು ಬಿಟ್ಟದ್ದೇಕೆ ಎಂದು ಆಮೇಲೆ ತಿಳಿಯಿತು: ಒಳಗೆ ಬೆಳಕೇ ಇಲ್ಲ. ಉಳಿಯ ಬಾಯಿ ಸರಿಯಾಯಿತೇ ಎಂದು ನೋಡಲು ಬೆಳಿಗ್ಗೆ ಮುಂದಿನ ಅಂಗಳಕ್ಕೆ ಓಡಬೇಕು, ಮಧ್ಯಾಹ್ನವಾದರೆ ಹಿತ್ತಲಿಗೆ, ಮಳೆ ಬಂದರೆ ಜಗಲಿಗೆ. ಸೂರ್ಯನನ್ನು ನಿಲ್ಲಿಸುವ ಅಧಿಕಾರ ರೈಟರಿಗಿಲ್ಲವಾದ್ದರಿಂದ ಸಾಣೆಕಲ್ಲನ್ನೇ ಓಡಾಡಿಸುವುದೆಂದು ತೀರ್ಮಾನಿಸಿದೆ.

ಹಿಂದಿನ ಇಂಗ್ಲಿಷ್ ದೊರೆ ಸೀಮೆಗೆ ಹಿಂತಿರುಗುವಾಗ ಅವನ ದೊರೆಸಾನಿ ಮಗುವನ್ನು ಮಲಗಿಸಿ ತಳ್ಳುವ ಗಾಡಿಯೊಂದನ್ನು ಬಂಗಲೆಯಲ್ಲೇ ಬಿಟ್ಟು ಹೋಗಿದ್ದಳು. ಒಳ್ಳೆಯ ನಾಲ್ಕು ಚಕ್ರ, ಒಳ್ಳೆಯ ಸ್ಪ್ರಿಂಗು. ಅದರ ತೊಟ್ಟಿಲನ್ನು ಕಳಚಿ ಹಲಸಿನ ಹಲಗೆ ಕೂರಿಸಿದೆ. ಹಲಗೆಯ ಮೇಲೆ ಶನಿವಾರಸಂತೆಯಿಂದ ತಂದ ದುಂಡು ಸಾಣೆಕಲ್ಲು, ಅದನ್ನು ತಿರುಗಿಸಲು ಕೆಟ್ಟುಹೋದ ಹೊಲಿಗೆ ಯಂತ್ರದ ಪೆಡಲು, ಕಲ್ಲಿನ ಮೇಲೆ ಹನಿಹನಿಯಾಗಿ ನೀರು ಬೀಳಲು ತೂತು ಮಾಡಿದ ಡಬ್ಬ, ಪಕ್ಕದಲ್ಲಿ ಅರ ಮತ್ತು ಎಣ್ಣೆಕಲ್ಲು ಇಡಲು ಪೆಟ್ಟಿಗೆ. ಪೆಡಲು ತುಳಿದರೆ ಕಲ್ಲಿಗಿಂತ ಮೊದಲು ಗಾಡಿಯೇ ಹೊರಡುತ್ತಿತ್ತು. ಆದ್ದರಿಂದ ಚಕ್ರಗಳಿಗೆ ಅಡ್ಡ ಕೊಡಲು ನಾಲ್ಕು ಗುಂಡುಕಲ್ಲುಗಳನ್ನೂ ಅದರಲ್ಲೇ ಹೊತ್ತು ತಿರುಗಿದೆ. ಭಾರ ಹೆಚ್ಚಾಗಿ ಸ್ಪ್ರಿಂಗು ಅಳತೊಡಗಿತು, ಥೇಟ್ ಹಸುಗೂಸಿನ ದನಿಯಲ್ಲಿ. ಆಳುಗಳ ಲೈನುಮನೆಗಳ ಹೆಂಗಸರು ಅಕ್ಕರೆಯಿಂದ ಬಗ್ಗಿ ನೋಡಿ, ಒಳಗಿದ್ದ ಕೊಡಲಿಯನ್ನು ಕಂಡು ಸುಮ್ಮನೆ ಹೋಗುತ್ತಿದ್ದರು.

"ಮೂರು ಹೊತ್ತೂ ಹರಿತ ಮಾಡ್ತಾ ಇದ್ರೆ ಕೊಯ್ಯೋದು ಯಾವಾಗ?" ಎಂದು ದೇವಕಿ ಕೇಳಿದಳು. ಅವಳಿಗೆ ಯಂತ್ರಶಾಸ್ತ್ರ ತಿಳಿಯದು ಎಂದು ನಾನು ಕ್ಷಮಿಸಿದೆ.

ಇಂಥ ಹೊತ್ತಿನಲ್ಲಿ ನಮ್ಮ ಒಬ್ಬಳೇ ಮಗಳು ಜಾನಕಿಯನ್ನು ನೋಡಲು ಸಂಪಾಜೆಯಿಂದ ಗಂಡಿನವರು ಬರುವುದೆಂದಾಯಿತು. ಹುಡುಗ ಮಡಿಕೇರಿಯಲ್ಲಿ ಮಾಸ್ತರ. ಜಾನಕಿ ಅವನನ್ನು ಮದುವೆಮನೆಯೊಂದರಲ್ಲಿ ಕಂಡಿದ್ದಳು, ಬೇಡ ಎಂದಿರಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ಮಾತು. ದೇವಕಿ ಮನೆ ಸಾರಿಸಿ, ಆ ಗಾಡಿ ಮಾತ್ರ ಬಂದವರ ಕಣ್ಣಿಗೆ ಬೀಳಕೂಡದೆಂದು ಆಜ್ಞೆ ಮಾಡಿದಳು. ಕೊಟ್ಟಿಗೆಯೊಳಗೆ ತಳ್ಳೋಣವೆಂದರೆ ಅಲ್ಲಿ ಮುರಿದ ಮಣೆಯಿಂದ ಹಿಡಿದು ಮನೆಯ ಬೇಡದ ಸಾಮಾನನ್ನೆಲ್ಲ ಅವಳೇ ತುಂಬಿದ್ದಳು. ಮಳೆ ಹನಿಯುತ್ತಿತ್ತೆಂದು ಹತಾರಗಳಿಗೆ ಹಳೆಯ ದುಪ್ಪಟಿ ಹೊದಿಸಿ ಗಾಡಿಯನ್ನು ಹಿತ್ತಲಿಗೆ ಒಯ್ದೆ.

ಬಂದವರು ಕಾಲು ತೊಳೆಯಲು ಹಿತ್ತಲಿಗೇ ಬಂದರು. ನಾನು ಗಾಡಿಯನ್ನು ಮುಂದಕ್ಕೆ ತಳ್ಳಿದೆ. ಹುಡುಗ ಮುಂದಿನ ಅಂಗಳಕ್ಕೆ ಬಂದು ಕಾಫಿ ಗಿಡ ನೋಡುತ್ತ ನಿಂತ. ಮತ್ತೆ ಹಿಂದಕ್ಕೆ ತಳ್ಳಿದೆ. ಮನೆಯ ತಿರುವಿನಲ್ಲಿ ಹುಡುಗನ ತಾಯಿಯೇ ಎದುರಾದರು. ಸ್ಪ್ರಿಂಗು ಒಮ್ಮೆ ಅತ್ತಿತು.

"ಮಗು ಮಲಗಿದೆಯಾ?" ಎಂದು ಅವರು ದನಿ ತಗ್ಗಿಸಿ ಕೇಳಿದರು.

ಆಗ ಹೌದು ಎಂದದ್ದು ನನ್ನ ನಾಲಿಗೆ, ನಾನಲ್ಲ. ಯಾರ ಮಗು ಎಂದು ಅವರು ಕೇಳಿದಾಗ ಅದೇ ನಾಲಿಗೆ "ನಮ್ಮದೇ" ಎಂದಿತು.

ಆಮೇಲೆ ನಡುಮನೆಯಲ್ಲಿ ಕಾಫಿ ಆರಿತು, ಕಡುಬು ಮುಟ್ಟುವವರಿಲ್ಲ. ತಾಯಿ ಮಗನ ಕಿವಿಯಲ್ಲಿ ಏನೋ ಹೇಳಿದರು. ಮಗನ ಮುಖ ಸಪ್ಪಗಾಯಿತು. ಕೊನೆಗೆ ಅವರೇ ಕೇಳಿದರು: "ಮಗಳು ಒಬ್ಬಳೇ ಅಂತ ಹೇಳಿದ್ರಲ್ಲ?"

ಒಬ್ಬಳೇ ಎಂದಳು ದೇವಕಿ.

"ಹಾಗಾದ್ರೆ ಹಿಂದೆ ಗಾಡಿಯಲ್ಲಿ ಮಲಗಿರೋದು ಯಾರು? ನಿಮ್ಮ ಯಜಮಾನ್ರು ನಮ್ಮದೇ ಅಂದ್ರು."

ದೇವಕಿ ನನ್ನ ಕಡೆ ತಿರುಗಿದಳು. ಆ ನೋಟಕ್ಕೆ ಯಾವ ಸಾಣೆಯೂ ಬೇಕಾಗಿರಲಿಲ್ಲ. ಈ ಸಂಬಂಧ ಸಂಪಾಜೆ ಬಸ್ಸು ಹತ್ತಿತೆಂದೇ ತಿಳಿದೆ. ಅಷ್ಟರಲ್ಲಿ ಜಾನಕಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಎದ್ದು ಹೋದಳು. ಗಾಡಿಯನ್ನು ತಳ್ಳಿಕೊಂಡು ಬಂದು, ಎಲ್ಲರಿಗೂ ಕಾಣುವಂತೆ ಜಗಲಿಯ ಎದುರಿಗೇ ನಿಲ್ಲಿಸಿ ದುಪ್ಪಟಿ ಎಳೆದಳು. ಉಳಿ, ಕತ್ತಿ, ಕೊಡಲಿ ಎಲ್ಲ ಥಳಥಳ ಹೊಳೆದವು.

"ಇದು ಅಪ್ಪನ ಸಾಣೆಗಾಡಿ," ಎಂದಳು. "ಅವರಿಗೆ ಕುಡಿಯೋ ಚಟ ಇಲ್ಲ, ಇಸ್ಪೀಟು ಇಲ್ಲ. ಇದೊಂದೇ. ಇದಕ್ಕೆ ಆಗೋದಿಲ್ಲ ಅಂತಿದ್ರೆ ಈಗಲೇ ಹೇಳಿಬಿಡಿ."

ಹುಡುಗ ನಕ್ಕುಬಿಟ್ಟ. ಅವನ ತಂದೆ ಕುಶಾಲಪ್ಪನವರು ಅಲ್ಲಿಯವರೆಗೆ ಬಾಯಿ ಬಿಡದವರು, ಎದ್ದು ಹೋಗಿ ಒಂದು ಉಳಿ ತೆಗೆದು ಮುಂಗೈ ಮೇಲೆ ಸವರಿದರು. ರೋಮವೆಲ್ಲ ಉದುರಿತು. ಇನ್ನೊಂದು ತೆಗೆದರು. ಮುಂಗೈ ಪೂರ್ತಿ ಬೋಳಾದ ಮೇಲೆ ನನ್ನ ಕಡೆ ತಿರುಗಿ, ಮದುವೆ ಯಾವಾಗ ಇಟ್ಟುಕೊಳ್ಳುವ ಎಂದು ಕೇಳಿದರು.

ಮದುವೆ ಚೆನ್ನಾಗಿಯೇ ಆಯಿತು. ಮಗಳೂ ಅಳಿಯನೂ ಸುಖವಾಗಿದ್ದಾರೆ. ನನ್ನ ಬುದ್ಧಿಯಿಂದಲೇ ಕೂಡಿಬಂದ ಸಂಬಂಧವೆಂದು ನಾನು ಹೇಳುವಾಗ ದೇವಕಿ ಎದ್ದು ಒಳಗೆ ಹೋಗುತ್ತಾಳೆ. ಮದುವೆಯಾದ ಕೆಲವು ದಿನಕ್ಕೆ ಬಸ್ಸಿನ ಕಂಡಕ್ಟರ್ ನನ್ನ ಮುಂದೆ ಗೋಣಿಚೀಲವೊಂದನ್ನು ಇಳಿಸಿದ. ಬೀಗರ ಮನೆಯ ಕತ್ತಿ, ಹಾರೆ, ಉಳಿ, ಎಲ್ಲ ಮೊಂಡು. ಸ್ವಲ್ಪ ನೋಡಬೇಕಂತೆ. ಹೆಣ್ಣು ಕೊಟ್ಟವನು ಆಗುವುದಿಲ್ಲವೆನ್ನಲು ಸಾಧ್ಯವೇ? ಹರಿತ ಮಾಡಿ ಕಳಿಸಿದೆ. ಮರುವಾರ ಅವರ ತಮ್ಮನ ಮನೆಯವೂ ಸೇರಿ ಬಂದವು. ಆಮೇಲಾಮೇಲೆ ಸಂಪಾಜೆಯಲ್ಲಿ ನಮಗೆ ಎಷ್ಟು ಮಂದಿ ನೆಂಟರಿದ್ದಾರೆಂದು ಚೀಲದ ತೂಕದಿಂದ ತಿಳಿಯತೊಡಗಿತು. ಕೊಡಗು ರಾಜ್ಯವೇ ಮೈಸೂರಿನೊಳಗೆ ಸೇರಿಹೋಯಿತು, ಗೋಣಿಚೀಲ ಮಾತ್ರ ನಿಲ್ಲಲಿಲ್ಲ.

ಮೊನ್ನೆ ಬೀಗರೇ ಬಂದಿದ್ದರು, ತಾವೇ ಮಾಡಿದ ಬೀಟೆಮರದ ಸ್ಟೂಲೊಂದನ್ನು ಹೊತ್ತುಕೊಂಡು. ಸಂದು ಕಾಣದ ಜೋಡಣೆ, ಕನ್ನಡಿಯಂಥ ನುಣುಪು. ನಾನು ನಿಂತೇ ಪೆಡಲು ತುಳಿಯುವುದನ್ನು ನೋಡಿ ಅವರಿಗೆ ಬೇಸರವಾಗಿತ್ತಂತೆ. ನನ್ನ ಗಾಡಿಯ ಎತ್ತರಕ್ಕೆ ಅಳೆದೇ ಮಾಡಿದ್ದರು. ಅವರು ಹೋದ ಮೇಲೆ ದೇವಕಿ ಅದನ್ನು ಸೆರಗಿನಿಂದ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದಳು. ಅದು ನಾನು ಹರಿತ ಮಾಡಿದ ಉಳಿಯಿಂದಲೇ ಆದದ್ದೆಂದು ನೆನಪು ಮಾಡಿದೆ. ಅವಳು ಒಪ್ಪಿದಳು.

"ಹೋಗಿ ಕೂತ್ಕೊಳ್ಳಿ ಮತ್ತೆ," ಎಂದಳು. "ನಾಳೆ ಬಸ್ಸಿಗೆ ಚೀಲ ಹೋಗ್ಬೇಕು."

ಕೂತೆ. ಪೆಡಲು ಎಷ್ಟು ಸರಿಯಾಗಿ ಕಾಲಿಗೆ ಸಿಗುತ್ತದೆಂದರೆ, ಇನ್ನು ಏಳಲು ನನ್ನಲ್ಲಿ ಯಾವ ನೆಪವೂ ಉಳಿದಿಲ್ಲ.