ಒಂಟಿ ಚಪ್ಪಲಿಯಲ್ಲಿ ಒಂದು ಮನೆ

ಆ ಮಂಗಳವಾರವೂ ಆರೂಕಾಲಿಗೆ ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿದೆ. ಏಳಕ್ಕೆ ಯಜಮಾನರ ಕೈಗೆ ಡಬ್ಬಿ ಕೊಟ್ಟು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆಫೀಸಿಗೆ ಕಳಿಸಿದೆ. ಆಮೇಲೆ ಎಂದಿನಂತೆ ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಬಟ್ಟೆ ಹಿಡಿದು ಬಾಲ್ಕನಿಯ ಕಂಬಿಯ ಮೇಲೆ ಕೂತಿದ್ದ ಮರಳನ್ನು ಒರೆಸಿದೆ. ಒರೆಸದೆ ನನಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಎಷ್ಟೋ ವಿದ್ಯೆಗಳಲ್ಲಿ ನನಗೆ ಹತ್ತಿದ್ದು ಎರಡೇ. ಕಸ ಕಂಡಲ್ಲಿ ತಕ್ಷಣ ತೆಗೆಯುವುದು ಒಂದು. ಹಿರಿಯರು ಮಾತಾಡುವಾಗ ಮುಗುಳ್ನಕ್ಕು ತಲೆಯಾಡಿಸುವುದು ಇನ್ನೊಂದು. ಇವೆರಡೂ ಒಟ್ಟು ಸೇರಿದರೆ ಪಕ್ಕದವರ ಮನೆಯನ್ನೇ ಕಸದ ಪಾಲು ಮಾಡಬಹುದೆಂದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ.

ಪಕ್ಕದ ಫ್ಲ್ಯಾಟಿನಲ್ಲಿ ನೀನಾ ಆಂಟಿ ಇದ್ದರು. ಬೆಲಾರೂಸಿನವರು, ಅಲ್ಲಿ ಯಾವುದೋ ಕಾಲೇಜಿನಲ್ಲಿ ಹಳೆಯ ಸ್ಲಾವ್ ಭಾಷೆಗಳನ್ನು ಪಾಠ ಮಾಡಿ ನಿವೃತ್ತರಾಗಿ, ಹೋಟೆಲಿನಲ್ಲಿ ಕೆಲಸ ಮಾಡುವ ಮಗಳ ಜೊತೆ ಇಲ್ಲಿಗೆ ಬಂದವರು. ಮಗಳಿಗೆ ಅಬುಧಾಬಿಗೆ ವರ್ಗವಾಗಿ ಅಂದೇ ಸಾಮಾನು ಸಾಗಿಸುವುದಿತ್ತು. ಎಂಟು ಗಂಟೆಗೆ ಬಾಗಿಲು ತಟ್ಟಿ, "ಸೂಮಾ, ಇವನ್ನು ಸಂಜೆಯವರೆಗೆ ಇಟ್ಟುಕೋ, ಪ್ಯಾಕಿಂಗಿನವರು ಕಣ್ಣುಮುಚ್ಚಿ ತುಂಬುತ್ತಾರೆ" ಎಂದು ಒಂದು ಹೂಕುಂಡ, ಒಂದು ಗೋಡೆ ಗಡಿಯಾರ, ಒಂದು ಕಾಗದದ ಚೀಲ ಕೊಟ್ಟು ಹೋದರು. ನನ್ನ ಹೆಸರು ಸುಮಾ. ಅವರ ಬಾಯಲ್ಲಿ ಅದು ಸ್ವಲ್ಪ ಉದ್ದವಾಗುತ್ತದೆ.

ಚೀಲ ತೆರೆದು ನೋಡಬಾರದಿತ್ತು. ಆದರೆ ಅದರ ತಳದಲ್ಲಿ ಪುಡಿ ಉದುರುತ್ತಿತ್ತು, ನಾನು ಆಗ ತಾನೇ ನೆಲ ಒರೆಸಿದ್ದೆ. ಒಳಗೆ ಒಂದೇ ಒಂದು ಚಪ್ಪಲಿ. ಮನೆಯೊಳಗೆ ಹಾಕುವ, ಮುಂದೆ ಮುಚ್ಚಿದ ಉಣ್ಣೆಯದ್ದು, ಹಿಮ್ಮಡಿ ಸವೆದು, ಅಂಚಿನ ಕೆಂಪು ದಾರದಲ್ಲಿ ಏಳು ಹೊಲಿಗೆ ಮಾತ್ರ ಉಳಿದಿತ್ತು. ಅದರೊಳಗೆ ಒಂದು ತುಂಡು ಕಪ್ಪು ಬ್ರೆಡ್ಡು! ಚಪ್ಪಲಿಯೊಳಗೆ ಅನ್ನ! ಪಾಪ, ಮನೆ ಬದಲಿಸುವ ಗಡಿಬಿಡಿಯಲ್ಲಿ ಕಸದ ಚೀಲವನ್ನೇ ಕೊಟ್ಟುಬಿಟ್ಟಿದ್ದಾರೆ ಅಂದುಕೊಂಡೆ. ಬ್ರೆಡ್ಡನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಬಾಲ್ಕನಿಯಲ್ಲಿ ಮೈನಾಗಳಿಗೆ ಹಾಕಿದೆ. ಚಪ್ಪಲಿಯನ್ನು ಎರಡು ಬೆರಳಲ್ಲಿ ಹಿಡಿದು ಕಾರಿಡಾರಿನ ತುದಿಗೆ ಹೋಗಿ ಕಸದ ಕೊಳವೆಗೆ ಬಿಟ್ಟೆ. ಅದು ಹನ್ನೊಂದು ಮಹಡಿ ಇಳಿದು ಧೊಪ್ಪೆಂದದ್ದು ಕೇಳಿ, ಒಳ್ಳೆಯ ಕೆಲಸ ಮಾಡಿದೆನೆಂದು ಕೈ ತೊಳೆದುಕೊಂಡೆ.

ಹತ್ತೂವರೆಗೆ ಅವರ ಫೋನು. "ಸೂಮಾ, ಆ ಚಪ್ಪಲಿಯನ್ನು ಎ.ಸಿ. ಕೆಳಗೆ ಇಡಬೇಡ. ಒಲೆಯ ಹತ್ತಿರ ಇಡು. ಮುದುಕನಿಗೆ ಥಂಡಿ ಆಗಿಬರುವುದಿಲ್ಲ."

"ಯಾವ ಮುದುಕ ಆಂಟಿ?"

"ಹೋದ ವಾರ ಹೇಳಿದೆನಲ್ಲ!" ಎಂದು ನಕ್ಕು ಇಟ್ಟುಬಿಟ್ಟರು.

ಹೋದ ವಾರ ಚಹಾಕ್ಕೆ ಕರೆದಿದ್ದರು, ನಿಜ. ಒಂದು ಗಂಟೆ ಮಾತಾಡಿದ್ದರು, ನಿಜ. ಆ ಒಂದು ಗಂಟೆಯಲ್ಲಿ ಅವರ ಬಟ್ಟಲಿನ ಮೇಲೆ ಹದಿಮೂರು ನೀಲಿ ಹೂಗಳಿವೆ, ಸ್ವೆಟರಿನ ಮೂರನೇ ಗುಂಡಿ ಬೇರೆ ಜಾತಿಯದ್ದು ಎಂಬುದನ್ನೆಲ್ಲ ನಾನು ಗಮನಿಸಿದ್ದೆ. ಮಾತಿಗೆ ಮಾತ್ರ ತಲೆಯಾಡಿಸಿದ್ದೆ. ಈಗ ಸೋಫಾದ ಅಂಚಿನಲ್ಲಿ ಕೂತು ಒಂದೊಂದೇ ಮಾತನ್ನು ನೆನಪಿನಿಂದ ಎಳೆದು ತೆಗೆದೆ. ಮನೆಗೆ ಅವರ ಹಳೆಯ ಭಾಷೆಯಲ್ಲಿ 'ದೊಮು' ಎಂಬ ಪದವಂತೆ, ಈಗಿನವರು 'ದೋಮ್' ಅನ್ನುತ್ತಾರಂತೆ. ಹಳೆಯ ಬರಹಗಳಲ್ಲಿ ಆ ಪದಕ್ಕೆ ಗೋಡೆ, ಸೂರು ಅಷ್ಟೇ ಅರ್ಥವಲ್ಲ; ಒಳಗಿರುವ ಜನ, ಅವರ ವಂಶ, ಆಸ್ತಿಪಾಸ್ತಿ ಎಲ್ಲ ಸೇರಿ ಒಂದು ದೊಮು. ಮನೆಗೆ ಇದ್ದ ಇನ್ನೊಂದು ಹಳೆಯ ಪದ ನಿಧಾನವಾಗಿ ದೇವಸ್ಥಾನದ ಹೆಸರಾಯಿತಂತೆ. "ನಿಮ್ಮ ವೇದದಲ್ಲೂ ಮನೆಗೆ 'ದಮ' ಅನ್ನುತ್ತಾರೆ, ಅದು ನಮ್ಮ ದೊಮುವಿನ ತಂಗಿ. ದಂಪತಿ ಅಂದರೆ ಮನೆಯ ಒಡೆಯರು" ಎಂದಾಗಲೂ, ನನ್ನ ಮದುವೆ ಕಾಗದದಲ್ಲೇ ಅಚ್ಚಾದ ಪದದ ಅರ್ಥವನ್ನು ಬೆಲಾರೂಸಿನವರು ಹೇಳುತ್ತಿದ್ದರೂ, ನಾನು ಹೂ ಎಣಿಸುತ್ತಿದ್ದೆ. ಕೊನೆಗೆ ಅವರು ಹೇಳಿದ್ದು ಇದು: ಪ್ರತಿ ದೊಮುವಿನಲ್ಲೂ ಒಬ್ಬ ಮುದುಕ ಇರುತ್ತಾನೆ, ಒಲೆಯ ಹಿಂದೆ ಕಾಣದ ಹಾಗೆ. ಮನೆ ಬದಲಿಸುವಾಗ ಹಳೆಯ ಚಪ್ಪಲಿಯಲ್ಲಿ ಬ್ರೆಡ್ಡಿಟ್ಟು, "ಬಾ ಅಜ್ಜಾ" ಎಂದು ಕರೆದು ಒಯ್ಯಬೇಕು. ಈ ಚಪ್ಪಲಿ ಅವರ ಅಜ್ಜಿಯದ್ದು. ಎಂಟು ಮನೆ ಬದಲಿಸಿದೆ. ಗಂಡ ಹೋದ ಮೇಲೆ ರಾತ್ರಿ ಅಡುಗೆಮನೆಯಲ್ಲಿ ಸದ್ದಾಗಿ, ಬೆಳಿಗ್ಗೆ ಸಾಮಾನು ಚೆಲ್ಲಾಪಿಲ್ಲಿಯಾಗಿದ್ದರೂ ಅವರಿಗೆ ಹೆದರಿಕೆಯಾಗುವುದಿಲ್ಲವಂತೆ, ಮುದುಕ ಇದ್ದಾನಲ್ಲ ಎಂದು.

ಆ ಮುದುಕನ ಊಟವನ್ನು ಮೈನಾಗಳಿಗೆ ಹಾಕಿ, ಮುದುಕನನ್ನು ನಾನು ಹನ್ನೊಂದನೇ ಮಹಡಿಯಿಂದ ತಳ್ಳಿದ್ದೆ.

ಯಜಮಾನರಿಗೆ ಫೋನು ಮಾಡಿದೆ. "ಅದಕ್ಕೇನಂತೆ? ನನ್ನ ಬಾತ್ರೂಮಿನ ಹಳೇ ಚಪ್ಪಲಿ ಒಂದಿದೆ, ಅದನ್ನಿಡು."

"ಅದರಲ್ಲಿ ಯಾರಿದ್ದಾರೆ ರೀ?"

"ಲೇ, ನಾನು ಮೀಟಿಂಗಲ್ಲಿದೀನಿ ಕಣೇ."

ಕೆಳಗೆ ಓಡಿದೆ. ವಾಚ್‌ಮನ್ ಹಮೀದ್ ಕಾಕ ಬಂಟ್ವಾಳದ ಕಡೆಯವರು. ಕನ್ನಡದಲ್ಲಿ ಅಳಲು ಈ ಕಟ್ಟಡದಲ್ಲಿ ಸಿಗುವ ಒಬ್ಬರೇ ಮನುಷ್ಯ. ಕಸದ ಲಾರಿ ಹನ್ನೆರಡಕ್ಕೆ ಬರುತ್ತದೆ. ಆಗಲೇ ಹನ್ನೊಂದು ಹೊಡೆದಿತ್ತು.

"ಎಂತ ಬಿದ್ದದ್ದು ಅಕ್ಕಾ? ಚಿನ್ನವಾ?"

"ಚಪ್ಪಲಿ, ಕಾಕಾ."

"ಜೋಡಿಯಾ?"

"ಒಂದೇ."

"ಹೊಸತಾ?"

"ಎಪ್ಪತ್ತು ವರ್ಷದ್ದಿರಬಹುದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಕ್ಕಾ, ನೀವು ಬೆಳಿಗ್ಗೆ ಎಂತಾದ್ರೂ ತಿಂದಿದ್ದೀರಿ ಅಲ್ವಾ?"

ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಗಂಭೀರವಾಯಿತು. "ಮೊದಲೇ ಹೇಳ್ಬೇಕಲ್ಲ ಮಾರಾಯ್ರೆ! ಮನೆಯಲ್ಲಿದ್ದ ಹಿರಿಯರನ್ನು ಹಾಗೆ ಬಿಸಾಡ್ಲಿಕ್ಕುಂಟಾ?" ಎಂದು ಎರಡು ಜೊತೆ ಕೈಗವಸು ತಂದರು.

ಹದಿನೆಂಟು ಮಹಡಿಗಳ ಕಸದ ಎದುರು ನಿಂತಾಗ ನನ್ನ ಹಾಳು ಗಮನ ಅಲ್ಲೂ ಅಡ್ಡದಾರಿ ಹಿಡಿಯಿತು. ದಿನಾ ಲಿಫ್ಟಿನಲ್ಲಿ ಡಯಟ್ಟಿನ ಉಪದೇಶ ಮಾಡುವಾಕೆಯ ವಿಳಾಸವಿದ್ದ ಡಬ್ಬದಲ್ಲಿ ಜಿಲೇಬಿಯ ಪಾಕ ಅಂಟಿತ್ತು. "ಅಕ್ಕಾ, ಓದ್ಲಿಕ್ಕೆ ಬಂದದ್ದಾ, ಹುಡುಕ್ಲಿಕ್ಕೆ ಬಂದದ್ದಾ?" ಎಂದು ಕಾಕ ಗದರಿದರು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ, ಯಾರದೋ ಬಿರಿಯಾನಿ ಚೀಲದ ಅಡಿಯಿಂದ ಕೆಂಪು ದಾರ ಇಣುಕಿತು. ಏಳು ಹೊಲಿಗೆ. "ಖಲಾಸ್, ಸಿಕ್ಕಿದ್ರು!" ಎಂದರು ಕಾಕ, ಬಹುವಚನದಲ್ಲಿ.

ಮೇಲೆ ತಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಗಳ ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಒಲೆಯ ಪಕ್ಕ ಇಟ್ಟೆ. ಮಸಾಲೆಯ ವಾಸನೆ ಹೋಗಲಿಲ್ಲ. ಮನೆಯಲ್ಲಿ ಕಪ್ಪು ಬ್ರೆಡ್ಡು ಇರಲಿಲ್ಲ. ಒಂದು ಚೂರು ಚಪಾತಿಗೆ ತುಪ್ಪ ಸವರಿ ಒಳಗಿಡುವಾಗ, ಯಾರಾದರೂ ಕೇಳಿಸಿಕೊಳ್ಳುತ್ತಾರೋ ಎಂದು ಹಿಂದೆ ತಿರುಗಿ ನೋಡಿ, "ತಪ್ಪಾಯ್ತು ಅಜ್ಜಾ" ಅಂದೆ.

ಸಂಜೆ ಐದೂವರೆಗೆ ನೀನಾ ಆಂಟಿ ಬಂದರು. ಬಾಯಿ ಬಿಡಬಾರದೆಂದು ನಿಶ್ಚಯ ಮಾಡಿದ್ದೆ. ಅವರು ಚೀಲ ತೆರೆದರು, ಮೂಸಿದರು, ಚಪಾತಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಒಪ್ಪಿಕೊಂಡೆ. ಅವರು ಚಪ್ಪಲಿಯೊಳಕ್ಕೆ ಕೈಯಿಟ್ಟು, ಮಗುವಿನ ಜ್ವರ ನೋಡುವಂತೆ ಮುಟ್ಟಿ ನೋಡಿದರು.

"ಇದ್ದಾನೆ," ಎಂದರು. "ಒಂದು ಸಲ ಇವನು ಕಲ್ಲಿದ್ದಲು ಗಾಡಿಯಲ್ಲಿ ಎರಡು ದಿನ ಪ್ರಯಾಣ ಮಾಡಿದ್ದಾನೆ. ನಾಜೂಕಿನವನಲ್ಲ. ತುಪ್ಪ ಇವನಿಗೆ ಹಿಡಿಸಿದೆ."

ನನಗೆ ಕಣ್ಣು ತುಂಬಿ ಬಂತು. ಹೂಕುಂಡ, ಗಡಿಯಾರ ಹೊತ್ತು ಲಿಫ್ಟಿನವರೆಗೆ ಹೋದೆ. ಬಟನ್ ಒತ್ತುತ್ತಾ ಅವರು ಕೇಳಿದರು: "ಅಂದ ಹಾಗೆ, ನೀವು ನಿಮ್ಮ ಮನೆಯ ಅಜ್ಜನನ್ನು ಯಾವುದರಲ್ಲಿ ತಂದಿರಿ?"

ನಾನು ಯೋಚಿಸಿದೆ. ಮೈಸೂರಿನಿಂದ ದುಬೈಯ ದೇರಾ ಬಡಾವಣೆಯ ಒಂದು ಕೋಣೆಗೆ, ಅಲ್ಲಿಂದ ಸತ್ವಾಕ್ಕೆ, ಸತ್ವಾದಿಂದ ಇಲ್ಲಿಗೆ. ಕುಕ್ಕರ್ ತಂದಿದ್ದೆವು, ಮಿಕ್ಸಿ ತಂದಿದ್ದೆವು, ದೇವರ ಫೋಟೋಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದೆವು. "ಬಾ" ಎಂದು ಯಾರನ್ನಾದರೂ ಕರೆದ ನೆನಪಾಗಲಿಲ್ಲ.

"ಯಾರನ್ನೂ ತಂದಿಲ್ಲ ಆಂಟಿ."

ಲಿಫ್ಟ್ ಬಂತು. ಅವರು ಒಳಗೆ ಹೋಗಿ, ಚೀಲವನ್ನು ಎದೆಗೆ ಒತ್ತಿ ಹಿಡಿದು, ಬಾಗಿಲು ಮುಚ್ಚಿಕೊಳ್ಳುವಾಗ ಹವಾಮಾನದ ಬಗ್ಗೆ ಹೇಳುವಷ್ಟೇ ಸಲೀಸಾಗಿ ಹೇಳಿದರು:

"ಓ, ಅದಕ್ಕೇ ನಿನ್ನ ಮನೆ ಯಾವಾಗಲೂ ಅಷ್ಟೊಂದು ಚೊಕ್ಕಟ."