ಪೊರೆ ಮುಚ್ಚಿದ ಕಣ್ಣು ಕೊನೇ ಸಾಲು ಓದಿದ್ದು

ನಾನು ಕಣ್ಣಿನ ಡಾಕ್ಟರು. ಆದರೂ ನನ್ನ ಕಣ್ಣೆದುರಿಗೆ ನಡೆಯೋದು ನನಗೆ ಕಾಣೋದು ಎಲ್ಲರಿಗಿಂತ ಕೊನೆಗೆ. ಅದರಲ್ಲೂ ಸಂಶೋಧನೆ ಅಂತ ಶುರು ಮಾಡಿದ ಮೇಲೆ ತಲೆ ಕೆರೆದುಕೊಳ್ಳದ ದಿನವೇ ಇಲ್ಲ. ಕೆಲಸ ಸುಲಭದ್ದೇ. ಪೊರೆ ಆಪರೇಷನ್ ಆದವರನ್ನು ಒಂದು ವರ್ಷದ ಮೇಲೆ ಹುಡುಕಿ, ದೃಷ್ಟಿ ಎಷ್ಟಿದೆ ಅಂತ ಅಳೆದು ಬರೆಯಬೇಕು. ಜನ ಸಿಗದಿದ್ದರೆ ಪ್ರಬಂಧ ಇಲ್ಲ. ಪ್ರಬಂಧ ಇಲ್ಲದಿದ್ದರೆ ನನ್ನ ಮೂರು ವರ್ಷದ ಓದು ಮಣ್ಣುಪಾಲು.

೧. ಪಕ್ಕದ ಮನೆ ತಾತ

ನಮ್ಮ ಮನೆ ಚಿನ್ನದ ಗಣಿ ಊರಿನ ಕೋರಮಂಡಲ್ ಬಡಾವಣೆಯಲ್ಲಿ. ಪಕ್ಕದ ಮನೆ ತಾತ ಗಣಿಯಲ್ಲಿ ದುಡಿದ ತಮಿಳಿನವರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಮಾಡಿದರೆ ನಾನೇ ಮಾಡಬೇಕು ಅಂತ ಹಟ ಹಿಡಿದು ಕಾಯುತ್ತಿದ್ದರು. ಒಂದು ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಟವಳನ್ನು ತಡೆದರು.

"ಎನ್ನಮ್ಮಾ, ಎಲ್ಲಿಗೆ?"

"ಹೋದ ವರ್ಷ ಆಪರೇಷನ್ ಆದೋರಿಗೆ ಈಗ ಕಣ್ಣು ಕಾಣ್ತದಾ ಅಂತ ನೋಡೋಕೆ, ತಾತ."

"ಆಪರೇಷನ್ ಮಾಡಿದ್ದು ಯಾರು?"

"ನಾವೇ."

ತಾತ ಗಲ್ಲ ಕೆರೆದುಕೊಂಡರು. "ಕಾಣ್ತದೋ ಇಲ್ವೋ ಅಂತ ನಿಮಗೇ ಗೊತ್ತಿಲ್ವಾ?"

ಸಂಶೋಧನೆ ಅಂದರೇನು ಅಂತ ಗೇಟಿನ ಹತ್ತಿರ ನಿಂತು ಅರ್ಧ ಗಂಟೆ ವಿವರಿಸಿದೆ. ತಲೆಯಾಡಿಸಿ ಎಲ್ಲ ಕೇಳಿದರು. ಮುಂದಿನ ವಾರ ಬೇರೆ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದರು.

೨. ವರ್ಷವಿಡೀ ಮೋಡ

ಬಂಗಾರಪೇಟೆಯಲ್ಲಿ ಸೊಪ್ಪು ಮಾರುವ ಯಜಮಾನರೊಬ್ಬರು ನನ್ನ ಪಟ್ಟಿಯಲ್ಲಿದ್ದರು. ಹುಡುಕಿಕೊಂಡು ಹೋದರೆ, ಆಪರೇಷನ್ ದಿನ ಕೊಟ್ಟ ಕಪ್ಪು ಕನ್ನಡಕ ಇನ್ನೂ ಮುಖದ ಮೇಲಿದೆ! ಒಂದು ಕಡ್ಡಿ ಮುರಿದಿದೆ, ಅದಕ್ಕೆ ಸೊಪ್ಪು ಕಟ್ಟುವ ಬಾಳೆನಾರು ಬಿಗಿದಿದ್ದಾರೆ.

"ಇದಿನ್ನೂ ಯಾಕೆ ಹಾಕ್ಕೊಂಡಿದ್ದೀರಾ ಯಜಮಾನ್ರೇ?"

"ನಾನು ತೆಗೀರಿ ಅನ್ನೋಗಂಟ ತೆಗೀಬೇಡಿ ಅಂದಿದ್ದು ನೀವೇ ಅಲ್ವಾ ತಾಯಿ? ಆಮೇಲೆ ನೀವು ಅನ್ಲೇ ಇಲ್ಲ."

ಹೌದು, ನಾನೇ ಅಂದಿದ್ದೆ. ಮುಂದಿನ ಸಲ ಬಂದಾಗ ತೆಗೆಸೋಣ ಅಂತಿದ್ದೆ, ಅವರು ಬರಲೇ ಇಲ್ಲ. ನಾಚಿಕೆಯಾಗಿ ನಾನೇ ಕನ್ನಡಕ ತೆಗೆದೆ. ಅವರು ಕಣ್ಣು ಕಿರಿದು ಮಾಡಿ ಸೊಪ್ಪು ನೋಡಿದರು, ಆಕಾಶ ನೋಡಿದರು.

"ಇದಾ ಇಚಾರ! ವರ್ಸದಿಂದ ಮೋಡ ಮುಚ್ಕೊಂಡೇ ಐತೆ, ಮಳೆ ಮಾತ್ರ ಯಾಕೆ ಬರ್ಲಿಲ್ಲ ಅಂತ ಯೋಚ್ನೆ ಮಾಡ್ತಿದ್ದೆ."

೩. ಡೈರಿ ಮುಂದಿನ ಯೋಗ

ಇದನ್ನು ಕೇಳಿ. ಬೂದಿಕೋಟೆ ಕಡೆ ಒಂದು ಹಳ್ಳಿಯಲ್ಲಿ ಯಾರೂ ಪರೀಕ್ಷೆಗೆ ಬರಲೊಲ್ಲರು. "ಕಣ್ಣು ಚೆನ್ನಾಗೈತೆ, ಓಗಮ್ಮ" ಅಂತಾರೆ. ಕೊನೆಗೆ ಡೈರಿಗೆ ಹಾಲು ಹಾಕುವ ಅಜ್ಜಿಯೊಬ್ಬಳ ಮುಂದೆ ಅತ್ತೇಬಿಟ್ಟೆ.

"ನೀವೆಲ್ಲ ಬಂದು ತೋರಿಸದಿದ್ರೆ ನಾನು ಫೇಲಾಗ್ತೀನಿ ಅಜ್ಜಿ!"

ಅಜ್ಜಿ ಸೆರಗಿನಲ್ಲಿ ನನ್ನ ಮುಖ ಒರೆಸಿದಳು. "ಅಳಬ್ಯಾಡ ತಾಯಿ, ನಾನಿಲ್ವಾ?"

ಮೊದಲು ಬಂದವಳು ಅವಳೇ. ನಮ್ಮ ಕಣ್ಣು ಪರೀಕ್ಷೆಯ ಪಟ ಓದು ಬರದವರಿಗೂ ಆಗುವಂಥದ್ದು. ಸಾಲುಸಾಲಾಗಿ ಇಂಗ್ಲಿಷಿನ E ಥರದ ಮೂರು ಕಾಲಿನ ಗುರುತುಗಳು. ಒಂದೊಂದೇ ಕಣ್ಣು ಮುಚ್ಚಿಕೊಂಡು, ಕಾಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಬೇಕು. ಅಜ್ಜಿ ಎಲ್ಲ ಸರಿಯಾಗಿ ತೋರಿಸಿದಳು. ಇನ್ನೊಂದು ಸಲ, ಮತ್ತೊಂದು ಸಲ ಅಂತ ಕೇಳಿ ಕೇಳಿ ತೋರಿಸಿದಳು. ಪಾಪ, ಕಣ್ಣು ಕಾಣೋ ಖುಷಿ ಅಂದುಕೊಂಡೆ.

ಮಾರನೇ ವಾರ ಬಸ್ಸಿಳಿದರೆ, ಡೈರಿ ಮುಂದೆ ಸಾಲು ನಿಂತವರೆಲ್ಲ ಹಾಲಿನ ಕ್ಯಾನು ಕಾಲ ಬಳಿ ಇಟ್ಟುಕೊಂಡು ಕೈಯನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಆಡಿಸುತ್ತಿದ್ದಾರೆ. ಯೋಗ ಶುರು ಮಾಡಿದ್ದಾರೆ, ಒಳ್ಳೇದೇ ಅಂತ ಮುಂದೆ ಹೋದೆ. ಆವತ್ತು ಪಟ್ಟಿಯಲ್ಲಿದ್ದವರೆಲ್ಲ ಬಂದರು. ಎಲ್ಲರೂ ಕೊನೇ ಸಾಲಿನವರೆಗೆ ಒಂದೂ ತಪ್ಪಿಲ್ಲದೆ ತೋರಿಸಿದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು!

ನನ್ನ ಪ್ರಬಂಧದ ಗೈಡ್ ನಾನು ಬರೆದು ತಂದ ಲೆಕ್ಕ ನೋಡಿ, ಒಂದು ಹೆಸರಿನ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದರು. "ಈ ಮನುಷ್ಯನ ಎಡಗಣ್ಣಿಗೆ ಆಪರೇಷನ್ನೇ ಆಗಿಲ್ಲ. ಪೊರೆ ಪೂರ್ತಿ ಮುಚ್ಚಿದೆ ಅಂತ ನೀನೇ ಬರೆದಿದ್ದೀಯ. ಆ ಕಣ್ಣು ಕೊನೇ ಸಾಲು ಹೇಗಮ್ಮಾ ಓದ್ತು? ಮನೇಲಿ ಕೂತು ಬರೆದೆಯಾ?"

"ಇಲ್ಲ ಸಾರ್, ನಿಜವಾಗ್ಲೂ ಓದಿದ್ರು!"

"ನಾಳೆ ನಾನೇ ಬರ್ತೀನಿ. ಸುಳ್ಳು ಅಂತಾದ್ರೆ ನಿನ್ನ ಪ್ರಬಂಧ ಕಸದ ಬುಟ್ಟಿಗೆ."

ಓದಿದ್ದು ನಾನೇ ಕಂಡಿದ್ದೆ, ಆದರೆ ಓದೋಕೆ ಸಾಧ್ಯವೇ ಇಲ್ಲ ಅನ್ನೋದೂ ನನಗೆ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಗೈಡ್ ಬೇರೆಯೇ ಒಂದು ಪಟ ಸುತ್ತಿಕೊಂಡು ಬಂದರು. ಅಜ್ಜಿ ಮೊದಲು ಕೂತಳು. ಗೈಡ್ ಗೋಡೆಯಲ್ಲಿ ಮೊಳೆ ಹುಡುಕುತ್ತಿದ್ದಾರೆ, ಅಷ್ಟರಲ್ಲಿ ಅಜ್ಜಿ ಒಂದು ಕಣ್ಣು ಮುಚ್ಚಿಕೊಂಡು ಮೇಲೆ, ಬಲಕ್ಕೆ, ಕೆಳಕ್ಕೆ ಅಂತ ಕೈ ಆಡಿಸುತ್ತಾ ಎಲ್ಲ ಸಾಲೂ ಮುಗಿಸಿಬಿಟ್ಟಳು.

"ಅಜ್ಜೀ, ಪಟ ಇನ್ನೂ ನೇತೇ ಹಾಕಿಲ್ಲ!" ಅಂದರು ಗೈಡ್.

"ನೀವು ನಿದಾನಕ್ಕೆ ನೇತಾಕ್ಕೊಳ್ಳಿ ಸ್ವಾಮಿ. ನಂಗೆ ಆಲು ಕರ್ಯೋ ಒತ್ತಾಯ್ತು."

ಗೈಡ್ ನನ್ನ ಮುಖ ನೋಡಿದರು. ನನಗೆ ಆಗ ನೆನಪಾಯಿತು ಡೈರಿ ಮುಂದಿನ ಯೋಗ.

"ಅಜ್ಜಿ, ಎಲ್ಲಾರಿಗೂ ನೀನೇ ಹೇಳ್ಕೊಟ್ಟೆಯಾ?"

"ಇನ್ಯಾರು? ಅವ್ರು ತಪ್ಪು ತೋರ್ಸಿದ್ರೆ ನೀನು ಫೇಲಾಯ್ತೀಯಲ್ಲ!"

ಗೈಡ್ ಪಟ ಕೆಳಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನು ಸುಳ್ಳು ಬರೆದಿಲ್ಲ ಬಿಡು," ಅಂದರು. "ನಾಳೆ ಈ ಹೊಸ ಪಟದಲ್ಲಿ ಎಲ್ಲರನ್ನೂ ಮತ್ತೆ ನೋಡು. ಅವರು ತಪ್ಪು ತೋರಿಸಿದ್ರೂ ನೀನು ಫೇಲಾಗಲ್ಲ ಅಂತ ಅಜ್ಜಿಗೆ ಮೊದಲು ಹೇಳು."

ಬಿಡಿಸಿ ಬಿಡಿಸಿ ಹೇಳಿದೆ. ಅಜ್ಜಿ ಎಲ್ಲಕ್ಕೂ ಹೂಂ ಅಂದು, ಗೈಡ್ ಅತ್ತ ತಿರುಗಿದ್ದೇ ತಡ, ನನ್ನ ಕಿವಿಯ ಹತ್ತಿರ ಬಾಗಿದಳು.

"ಆ ಒಸ ಪಟ ಸಂಜೆ ಡೈರಿ ಅತ್ರ ಬಿಟ್ಟೋಗು ತಾಯಿ. ಒತ್ತಾರೆಗೆ ಎಲ್ಲಾರ್ಗೂ ಕಲ್ಸಿರ್ತೀನಿ."